ಬೆಳಕಿಗೆ ಕುಗ್ಗುವ ಕಣ್ಣಪಾಪೆ: ಮಿದುಳಿನೊಳಗಿನ ನರಪಥದ ಪರಿಚಯ

ಅಪಘಾತದಲ್ಲಿ ಗಾಯಗೊಂಡು ಪ್ರಜ್ಞೆ ತಪ್ಪಿದ ವ್ಯಕ್ತಿಯನ್ನು ಆಸ್ಪತ್ರೆಗೆ ತಂದಾಗ ವೈದ್ಯರು ಮೊದಲು ಮಾಡುವ ಕೆಲಸಗಳಲ್ಲಿ ಒಂದು, ಆತನ ರೆಪ್ಪೆಗಳನ್ನು ಬಿಡಿಸಿ ಕಣ್ಣಿಗೆ ಪುಟ್ಟ ಟಾರ್ಚಿನ ಬೆಳಕು ಹಾಯಿಸುವುದು. ನೋಡುವವರಿಗೆ ಇದು ಕಣ್ಣಿನ ಪರೀಕ್ಷೆ ಎನಿಸುತ್ತದೆ. ವಾಸ್ತವವಾಗಿ ಇದು ಮಿದುಳಿನ ಪರೀಕ್ಷೆ. ಬೆಳಕು ಬಿದ್ದೊಡನೆ ಪಾಪೆ ಕುಗ್ಗಿದರೆ, ಕಣ್ಣಿನಿಂದ ಮಿದುಳಿನ ಬುಡದವರೆಗೆ ಹೋಗಿ ಮರಳಿ ಕಣ್ಣಿಗೆ ಬರುವ ನರಪಥ ಕೆಲಸ ಮಾಡುತ್ತಿದೆ ಎಂದರ್ಥ. ಕುಗ್ಗದಿದ್ದರೆ ಆ ದಾರಿಯಲ್ಲಿ ಎಲ್ಲೋ ಒಂದು ಕಡೆ ತಡೆ ಉಂಟಾಗಿದೆ. ತಡೆ ಎಲ್ಲಿದೆ ಎಂಬುದನ್ನು ತಿಳಿಯಲು ಆ ಪಥದ ನಕ್ಷೆ ತಿಳಿದಿರಬೇಕು.

ಪಾಪೆಯ ರಚನೆ

ಪಾಪೆ ಒಂದು ವಸ್ತುವಲ್ಲ, ರಂಧ್ರ. ಐರಿಸ್ ಎಂದು ಕರೆಯುವ ಕಣ್ಣಿನ ಬಣ್ಣದ ಪೊರೆಯ ನಡುವಿನ ಈ ತೆರಪಿನ ಮೂಲಕವೇ ಬೆಳಕು ಒಳಹೋಗುತ್ತದೆ. ಒಳಗೆ ಹೋದ ಬೆಳಕಿನಲ್ಲಿ ತೀರ ಕಡಿಮೆ ಪಾಲು ಮಾತ್ರ ಹೊರಗೆ ಮರಳುವುದರಿಂದ ಅದು ಕಪ್ಪಾಗಿ ಕಾಣುತ್ತದೆ. ಪ್ರಖರ ಬೆಳಕಿನಲ್ಲಿ ಇದರ ವ್ಯಾಸ ಸುಮಾರು 2 ಮಿಲಿಮೀಟರಿಗೆ ಇಳಿಯುತ್ತದೆ. ಕತ್ತಲೆಯಲ್ಲಿ ಯುವಜನರ ಪಾಪೆ 8 ಮಿಲಿಮೀಟರಿನಷ್ಟು ಹಿಗ್ಗಬಲ್ಲದು. ವ್ಯಾಸ ನಾಲ್ಕು ಪಟ್ಟು ಹೆಚ್ಚಿದರೆ ಒಳಬರುವ ಬೆಳಕು ಹದಿನಾರು ಪಟ್ಟು ಹೆಚ್ಚುತ್ತದೆ. ವಯಸ್ಸಾದಂತೆ ಪಾಪೆ ಹಿಗ್ಗುವ ಪ್ರಮಾಣ ತಗ್ಗುತ್ತದೆ. ಹಿರಿಯರಿಗೆ ಮಬ್ಬು ಬೆಳಕಿನಲ್ಲಿ ಓದಲು ಕಷ್ಟವಾಗುವುದಕ್ಕೆ ಇದೂ ಒಂದು ಕಾರಣ.

ನಕ್ಷತ್ರದ ಬೆಳಕಿನಿಂದ ನಡುಹಗಲಿನ ಬಿಸಿಲಿನವರೆಗೆ ಬೆಳಕಿನ ಪ್ರಮಾಣ ಕೋಟ್ಯಂತರ ಪಟ್ಟು ಬದಲಾಗುತ್ತದೆ. ಅದರ ಮುಂದೆ ಹದಿನಾರು ಪಟ್ಟು ಅಲ್ಪವೇ. ದೊಡ್ಡ ಹೊಂದಾಣಿಕೆಯನ್ನು ಕಣ್ಣಿನ ಒಳಪದರವಾದ ಅಕ್ಷಿಪಟಲ ನಿಧಾನವಾಗಿ ಮಾಡಿಕೊಳ್ಳುತ್ತದೆ. ಪಾಪೆಯ ಕೆಲಸ ತಕ್ಷಣದ ಹೊಂದಾಣಿಕೆ. ಬೆಳಕು ಬಿದ್ದ ಸುಮಾರು ಕಾಲು ಸೆಕೆಂಡಿನೊಳಗೆ ಅದು ಕುಗ್ಗಲಾರಂಭಿಸುತ್ತದೆ. ಕಿರಿದಾದ ಪಾಪೆಯಿಂದ ಬಿಂಬದ ಸ್ಪಷ್ಟತೆಯೂ ಹೆಚ್ಚುತ್ತದೆ.

ಐರಿಸ್‌ನಲ್ಲಿ ಎರಡು ಸ್ನಾಯುಗಳಿವೆ. ಒಂದು ಪಾಪೆಯ ಅಂಚಿನ ಸುತ್ತ ಬಳೆಯಂತೆ ಇರುವ ಸ್ನಾಯು. ಇದು ಬಿಗಿದಾಗ ಪಾಪೆ ಕುಗ್ಗುತ್ತದೆ. ಇನ್ನೊಂದು ಗಾಲಿಯ ಅರಗಳಂತೆ ಹರಡಿಕೊಂಡ ಸ್ನಾಯು. ಇದು ಬಿಗಿದಾಗ ಪಾಪೆ ಹಿಗ್ಗುತ್ತದೆ. ಎರಡನ್ನೂ ನಮ್ಮ ಇಚ್ಛೆಗೆ ಒಳಪಡದ ಸ್ವಾಯತ್ತ ನರವ್ಯೂಹವೇ ನಿಯಂತ್ರಿಸುತ್ತದೆ. ಕುಗ್ಗಿಸುವ ಸ್ನಾಯುವಿಗೆ ಪ್ಯಾರಾಸಿಂಪಥೆಟಿಕ್ ನರಗಳು, ಹಿಗ್ಗಿಸುವ ಸ್ನಾಯುವಿಗೆ ಸಿಂಪಥೆಟಿಕ್ ನರಗಳು ಆಜ್ಞೆ ತಲುಪಿಸುತ್ತವೆ.

ಕುಗ್ಗಿಸುವ ಪಥ: ನಾಲ್ಕು ಮಜಲುಗಳು

ಬೆಳಕಿನ ಸುದ್ದಿ ಮಿದುಳಿಗೆ ಹೋಗಿ ಆಜ್ಞೆಯಾಗಿ ಹಿಂತಿರುಗುವ ದಾರಿಯನ್ನು ಅಂಗರಚನಾ ಶಾಸ್ತ್ರಜ್ಞರು ನಾಲ್ಕು ಮಜಲುಗಳಾಗಿ ವಿಂಗಡಿಸುತ್ತಾರೆ.

ಮೊದಲ ಮಜಲು ಅಕ್ಷಿಪಟಲದಿಂದ ಆರಂಭವಾಗುತ್ತದೆ. ಅಲ್ಲಿನ ಗ್ಯಾಂಗ್ಲಿಯಾನ್ ಕೋಶಗಳ ತಂತುಗಳು ಸೇರಿ ದೃಷ್ಟಿನರವಾಗುತ್ತವೆ. ಎರಡು ಕಣ್ಣುಗಳ ದೃಷ್ಟಿನರಗಳು ಮಿದುಳಿನ ತಳದಲ್ಲಿ ಕೂಡುತ್ತವೆ. ಕಯಾಸ್ಮ ಎಂಬ ಈ ಕೂಡುದಾಣದಲ್ಲಿ ಪ್ರತಿ ಕಣ್ಣಿನ ಅರ್ಧಕ್ಕಿಂತ ತುಸು ಹೆಚ್ಚು ತಂತುಗಳು ಎದುರು ಬದಿಗೆ ದಾಟುತ್ತವೆ. ಉಳಿದವು ತಮ್ಮ ಬದಿಯಲ್ಲಿಯೇ ಮುಂದುವರಿಯುತ್ತವೆ. ನೋಟಕ್ಕೆ ಸಂಬಂಧಿಸಿದ ತಂತುಗಳು ಥಲಾಮಸ್ ಮೂಲಕ ಮಿದುಳಿನ ಹಿಂಭಾಗದ ದೃಷ್ಟಿಕೇಂದ್ರಕ್ಕೆ ಸಾಗುತ್ತವೆ. ಪಾಪೆಗೆ ಸಂಬಂಧಿಸಿದ ತಂತುಗಳು ಥಲಾಮಸ್ ತಲುಪುವ ಮೊದಲೇ ಕವಲೊಡೆದು, ನಡುಮಿದುಳಿನ ಹಿಂಬದಿಯ ಪ್ರಿಟೆಕ್ಟಮ್ ಎಂಬ ಭಾಗಕ್ಕೆ ಇಳಿಯುತ್ತವೆ.

ಎರಡನೆಯ ಮಜಲು ಪ್ರಿಟೆಕ್ಟಮ್‌ನಿಂದ ಹೊರಡುತ್ತದೆ. ಇದರ ವಿಶೇಷವೆಂದರೆ, ಒಂದು ಬದಿಯ ಪ್ರಿಟೆಕ್ಟಮ್ ನಡುಮಿದುಳಿನ ಎರಡೂ ಬದಿಯ ಎಡಿಂಗರ್-ವೆಸ್ಟ್‌ಫಾಲ್ ನರಕೇಂದ್ರಗಳಿಗೆ ಸುದ್ದಿ ಕಳಿಸುತ್ತದೆ.

ಮೂರನೆಯ ಮಜಲು ಆ ನರಕೇಂದ್ರದಿಂದ ಮೂರನೆಯ ಕಪಾಲ ನರದೊಳಗೆ ಸೇರಿ ಕಣ್ಣುಗೂಡಿನತ್ತ ಸಾಗಿ, ಕಣ್ಣುಗುಡ್ಡೆಯ ಹಿಂದಿರುವ ಸಿಲಿಯರಿ ಗ್ಯಾಂಗ್ಲಿಯಾನ್ ಎಂಬ ನರಗಂಟಿನಲ್ಲಿ ಮುಗಿಯುತ್ತದೆ. ನಾಲ್ಕನೆಯ ಮಜಲು ಅಲ್ಲಿಂದ ಹೊರಟು ಐರಿಸ್‌ನ ಬಳೆಸ್ನಾಯುವನ್ನು ತಲುಪುತ್ತದೆ. ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಒಸರುತ್ತದೆ, ಸ್ನಾಯು ಬಿಗಿಯುತ್ತದೆ, ಪಾಪೆ ಕುಗ್ಗುತ್ತದೆ.

ಈ ನಕ್ಷೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಕಯಾಸ್ಮದಲ್ಲಿ ಒಮ್ಮೆ, ಪ್ರಿಟೆಕ್ಟಮ್ ನಂತರ ಇನ್ನೊಮ್ಮೆ, ಹೀಗೆ ಸುದ್ದಿ ಎರಡು ಬಾರಿ ಇಬ್ಬದಿಗೆ ಹಂಚಿಹೋಗುವುದರಿಂದ ಒಂದು ಕಣ್ಣಿಗೆ ಬೆಳಕು ಹಾಯಿಸಿದರೆ ಎರಡೂ ಪಾಪೆಗಳು ಸಮನಾಗಿ ಕುಗ್ಗುತ್ತವೆ. ಎರಡನೆಯದಾಗಿ, ಈ ಪಥ ಮಿದುಳಿನ ದೃಷ್ಟಿಕೇಂದ್ರವನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ಪಾರ್ಶ್ವವಾಯುವಿನಿಂದ ಎರಡೂ ಬದಿಯ ದೃಷ್ಟಿಕೇಂದ್ರ ಹಾಳಾಗಿ ಸಂಪೂರ್ಣ ಕುರುಡಾದ ರೋಗಿಯ ಪಾಪೆಗಳು ಬೆಳಕಿಗೆ ಎಂದಿನಂತೆ ಕುಗ್ಗುತ್ತವೆ. ಆತನಿಗೆ ಬೆಳಕು ಕಾಣದು; ಆದರೆ ಆತನ ನಡುಮಿದುಳಿಗೆ ಬೆಳಕು ಬಂದದ್ದು ತಿಳಿಯುತ್ತದೆ.

ಹಿಗ್ಗಿಸುವ ಪಥದ ದೀರ್ಘ ಸುತ್ತು

ಪಾಪೆಯನ್ನು ಹಿಗ್ಗಿಸುವ ಸಿಂಪಥೆಟಿಕ್ ಪಥದ ಹಾದಿ ಬಲು ಉದ್ದ. ಮಿದುಳಿನ ಹೈಪೊಥಲಾಮಸ್‌ನಲ್ಲಿ ಹುಟ್ಟಿ, ಮಿದುಳಕಾಂಡದ ಮೂಲಕ ಇಳಿದು, ಬೆನ್ನುಹುರಿಯಲ್ಲಿ ಕತ್ತಿನ ಬುಡದ ಮಟ್ಟದವರೆಗೆ ಸಾಗುತ್ತದೆ. ಅಲ್ಲಿಂದ ಹೊರಬಿದ್ದು ಶ್ವಾಸಕೋಶದ ತುದಿಯನ್ನು ಬಳಸಿಕೊಂಡು ಕತ್ತಿನಲ್ಲಿ ಮೇಲೇರಿ, ಅಲ್ಲಿನ ನರಗಂಟಿನಿಂದ ಮುಂದೆ ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಅಪಧಮನಿಯ ಗೋಡೆಗೆ ಅಂಟಿಕೊಂಡು ಕಣ್ಣಿಗೆ ಬರುತ್ತದೆ.

ಈ ಸುತ್ತಿನಿಂದಾಗಿಯೇ ಎದೆಯ ರೋಗ ಕಣ್ಣಿನಲ್ಲಿ ಪ್ರಕಟವಾಗುವುದುಂಟು. ಶ್ವಾಸಕೋಶದ ತುದಿಯಲ್ಲಿ ಬೆಳೆದ ಗಡ್ಡೆ ಈ ನರವನ್ನು ಒತ್ತಿದರೆ ಅದೇ ಬದಿಯ ಪಾಪೆ ಕಿರಿದಾಗುತ್ತದೆ, ರೆಪ್ಪೆ ತುಸು ಜೋಲುತ್ತದೆ, ಮುಖದ ಆ ಭಾಗ ಬೆವರದಾಗಬಹುದು. 1869ರಲ್ಲಿ ಇದನ್ನು ವಿವರಿಸಿದ ಸ್ವಿಟ್ಜರ್ಲೆಂಡಿನ ನೇತ್ರತಜ್ಞ ಯೋಹಾನ್ ಫ್ರೀಡ್ರಿಖ್ ಹಾರ್ನರ್ ಹೆಸರಿನಲ್ಲಿ ಇದಕ್ಕೆ ಹಾರ್ನರ್ ಲಕ್ಷಣಕೂಟ ಎನ್ನುತ್ತಾರೆ. ಕತ್ತುನೋವಿನೊಡನೆ ಇದು ಹಠಾತ್ತನೆ ಕಾಣಿಸಿಕೊಂಡರೆ ಕೆರೋಟಿಡ್ ಅಪಧಮನಿಯ ಒಳಗೋಡೆ ಸೀಳಿರಬಹುದು. ಅದು ಪಾರ್ಶ್ವವಾಯುವಿಗೆ ದಾರಿಯಾಗಬಲ್ಲದು.

ಅರಿವು ಬೆಳೆದ ಬಗೆ

ಸ್ಕಾಟ್ಲೆಂಡಿನ ಎಡಿನ್‌ಬರೊದ ವೈದ್ಯ ರಾಬರ್ಟ್ ವಿಟ್ 1751ರಲ್ಲಿ ಅನೈಚ್ಛಿಕ ಚಲನೆಗಳನ್ನು ಕುರಿತ ತನ್ನ ಗ್ರಂಥದಲ್ಲಿ ಪಾಪೆಯ ಚಲನೆಯನ್ನು ಚರ್ಚಿಸಿದ. ಮಿದುಳಿನಲ್ಲಿ ನೀರು ತುಂಬಿಕೊಂಡು ಸತ್ತ ಮಗುವಿನ ಪಾಪೆಗಳು ಬೆಳಕಿಗೆ ಸ್ಪಂದಿಸುವುದನ್ನು ನಿಲ್ಲಿಸಿದ್ದಕ್ಕೂ ಮಿದುಳಿನ ಆಳದ ಭಾಗದ ಮೇಲಿನ ಒತ್ತಡಕ್ಕೂ ಆತ ಸಂಬಂಧ ಕಲ್ಪಿಸಿದ. ದೇಹದ ಒಂದು ಪ್ರತಿವರ್ತನೆಗೆ ಮಿದುಳಿನ ನಿರ್ದಿಷ್ಟ ಜಾಗವನ್ನು ಗುರುತಿಸಿದ ಮೊದಲ ಪ್ರಯತ್ನಗಳಲ್ಲಿ ಇದು ಒಂದು.

1869ರಲ್ಲಿ ಅದೇ ಊರಿನ ಡಗ್ಲಸ್ ಆರ್ಗೈಲ್ ರಾಬರ್ಟ್‌ಸನ್ ಒಂದು ವಿಚಿತ್ರವನ್ನು ದಾಖಲಿಸಿದರು. ಬೆನ್ನುಹುರಿಯ ರೋಗಕ್ಕೆ ತುತ್ತಾದ ಕೆಲವರ ಪಾಪೆಗಳು ಬೆಳಕಿಗೆ ಕುಗ್ಗುತ್ತಿರಲಿಲ್ಲ. ಆದರೆ ಹತ್ತಿರದ ವಸ್ತುವನ್ನು ದಿಟ್ಟಿಸಿದಾಗ ಚೆನ್ನಾಗಿ ಕುಗ್ಗುತ್ತಿದ್ದವು. ಇವರ ರೋಗದ ಮೂಲ ಸಿಫಿಲಿಸ್ ಎಂಬುದು ಮುಂದೆ ಖಚಿತವಾಯಿತು. ಹತ್ತಿರದ ನೋಟಕ್ಕೆ ಪಾಪೆ ಕುಗ್ಗುವ ಆಜ್ಞೆ ಪ್ರಿಟೆಕ್ಟಮ್ ಮೂಲಕ ಬರುವುದಿಲ್ಲ, ಬೇರೆ ದಾರಿಯಲ್ಲಿ ಬಂದು ಎಡಿಂಗರ್-ವೆಸ್ಟ್‌ಫಾಲ್ ನರಕೇಂದ್ರವನ್ನು ಸೇರುತ್ತದೆ ಎಂಬುದಕ್ಕೆ ಇದು ಸಾಕ್ಷ್ಯ. ಪೀನಿಯಲ್ ಗ್ರಂಥಿಯ ಗಡ್ಡೆಗಳು ನಡುಮಿದುಳನ್ನು ಹಿಂದಿನಿಂದ ಒತ್ತಿದಾಗಲೂ ಇಂಥದೇ ವ್ಯತ್ಯಾಸ ಕಾಣುತ್ತದೆ.

ಆ ನರಕೇಂದ್ರವನ್ನು ಜರ್ಮನಿಯ ಲುಡ್ವಿಗ್ ಎಡಿಂಗರ್ 1885ರಲ್ಲಿ ಭ್ರೂಣದ ಮಿದುಳಿನಲ್ಲಿಯೂ ಕಾರ್ಲ್ ವೆಸ್ಟ್‌ಫಾಲ್ 1887ರಲ್ಲಿ ವಯಸ್ಕರ ಮಿದುಳಿನಲ್ಲಿಯೂ ವಿವರಿಸಿದರು. ಇಬ್ಬರ ಹೆಸರೂ ಅದಕ್ಕೆ ಉಳಿದುಕೊಂಡಿತು.

ಅಕ್ಷಿಪಟಲದ ಮೂರನೆಯ ಗ್ರಾಹಕ

ಅಕ್ಷಿಪಟಲದಲ್ಲಿ ಬೆಳಕನ್ನು ಗ್ರಹಿಸುವವು ಎರಡೇ ಬಗೆಯ ಕೋಶಗಳು, ಮಬ್ಬು ಬೆಳಕಿಗೆ ದಂಡಕೋಶ, ಬಣ್ಣಕ್ಕೂ ಹಗಲಿಗೂ ಶಂಕುಕೋಶ ಎಂದು ಪಠ್ಯಪುಸ್ತಕಗಳು ದೀರ್ಘಕಾಲ ಬೋಧಿಸಿದವು. ಆದರೆ 1920ರ ದಶಕದಲ್ಲಿಯೇ ಅಮೆರಿಕದ ಕ್ಲೈಡ್ ಕೀಲರ್, ಗ್ರಾಹಕ ಕೋಶಗಳು ನಶಿಸಿ ಕುರುಡಾದ ಇಲಿಗಳ ಪಾಪೆ ಬೆಳಕಿಗೆ ಕುಗ್ಗುವುದನ್ನು ಗಮನಿಸಿದ್ದರು. ಮೂರನೆಯದೊಂದು ಗ್ರಾಹಕ ಇರಬಹುದೆಂಬ ಆ ಸುಳಿವನ್ನು ಬಹುಕಾಲ ಯಾರೂ ಗಂಭೀರವಾಗಿ ಪರಿಗಣಿಸಲಿಲ್ಲ.

1998ರಲ್ಲಿ ಇಗ್ನಾಸಿಯೊ ಪ್ರೊವೆನ್ಸಿಯೊ ಮತ್ತು ಸಂಗಡಿಗರು ಕಪ್ಪೆಯ ಚರ್ಮದ ವರ್ಣಕೋಶಗಳಲ್ಲಿ ಮೆಲನಾಪ್ಸಿನ್ ಎಂಬ ಬೆಳಕುಸಂವೇದಿ ಪ್ರೊಟೀನನ್ನು ಪತ್ತೆ ಮಾಡಿದರು. 2000ದಲ್ಲಿ ಅದು ಮಾನವನ ಅಕ್ಷಿಪಟಲದಲ್ಲಿಯೂ ಕಂಡುಬಂತು. 2002ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಡೇವಿಡ್ ಬರ್ಸನ್ ತಂಡ, ದಂಡಕೋಶ ಮತ್ತು ಶಂಕುಕೋಶಗಳ ನೆರವಿಲ್ಲದೆಯೂ ಕೆಲವು ಗ್ಯಾಂಗ್ಲಿಯಾನ್ ಕೋಶಗಳು ತಾವಾಗಿ ಬೆಳಕಿಗೆ ಸ್ಪಂದಿಸುತ್ತವೆ ಎಂದು ತೋರಿಸಿತು. ಮೆಲನಾಪ್ಸಿನ್ ಇಲ್ಲದ ಇಲಿಗಳ ಮೇಲೆ ಪ್ರಯೋಗ ನಡೆಸಿ ಈ ಕ್ಷೇತ್ರಕ್ಕೆ ಮುಖ್ಯ ಕೊಡುಗೆ ನೀಡಿದವರಲ್ಲಿ ಒಡಿಶಾ ಮೂಲದ ವಿಜ್ಞಾನಿ ಸಚ್ಚಿದಾನಂದ ಪಂಡಾ ಒಬ್ಬರು.

ಮಾನವನ ಒಂದು ಕಣ್ಣಿನಲ್ಲಿರುವ ಸುಮಾರು ಹತ್ತು ಲಕ್ಷ ಗ್ಯಾಂಗ್ಲಿಯಾನ್ ಕೋಶಗಳಲ್ಲಿ ಇಂಥವು ಕೆಲವೇ ಸಾವಿರ. ಸುಮಾರು 480 ನ್ಯಾನೊಮೀಟರ್ ತರಂಗಾಂತರದ ನೀಲಿ ಬೆಳಕಿಗೆ ಇವು ಹೆಚ್ಚು ಸಂವೇದಿ. ದಂಡಕೋಶ ಮತ್ತು ಶಂಕುಕೋಶಗಳ ಸುದ್ದಿಯೂ ಪ್ರಿಟೆಕ್ಟಮ್ ತಲುಪುವುದು ಬಹುತೇಕ ಇವುಗಳ ಮೂಲಕವೇ. ಬೆಳಕು ಬಿದ್ದ ಕ್ಷಣದ ಚುರುಕಾದ ಕುಗ್ಗುವಿಕೆಗೆ ಆ ಎರಡು ಕೋಶಗಳು ಕಾರಣವಾದರೆ, ಬೆಳಕು ಇರುವಷ್ಟು ಹೊತ್ತೂ ಪಾಪೆಯನ್ನು ಕುಗ್ಗಿಸಿ ಹಿಡಿದಿರುವುದರಲ್ಲಿ ಮೆಲನಾಪ್ಸಿನ್ ಪಾತ್ರ ದೊಡ್ಡದು. ದೇಹದ ಹಗಲಿರುಳ ಗಡಿಯಾರವನ್ನು ಸರಿಪಡಿಸುವ ಸಂದೇಶವೂ ಇದೇ ಕೋಶಗಳಿಂದ ಹೋಗುತ್ತದೆ. ರಾತ್ರಿ ಮೊಬೈಲ್ ಪರದೆಯ ನೀಲಿ ಬೆಳಕು ನಿದ್ರೆಗೆ ತೊಡಕಾಗುತ್ತದೆಂಬ ಎಚ್ಚರಿಕೆಯ ಹಿಂದಿರುವುದು ಈ ಸಂಶೋಧನೆಯೇ.

ಟಾರ್ಚ್ ಹೇಳುವ ಸತ್ಯ

ನೇತ್ರವೈದ್ಯರು ಟಾರ್ಚನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಬದಲಿಸುತ್ತಾ ನೋಡುತ್ತಾರೆ. ಎರಡೂ ದೃಷ್ಟಿನರಗಳು ಸರಿಯಿದ್ದರೆ ಪಾಪೆಗಳು ಕುಗ್ಗಿಯೇ ಇರುತ್ತವೆ. ಒಂದು ಕಣ್ಣಿನ ದೃಷ್ಟಿನರ ಹಾಳಾಗಿದ್ದರೆ, ಬೆಳಕು ಆ ಕಣ್ಣಿಗೆ ಬದಲಾದೊಡನೆ ಎರಡೂ ಪಾಪೆಗಳು ಕುಗ್ಗುವ ಬದಲು ಹಿಗ್ಗುತ್ತವೆ. ಇದು ಮಾರ್ಕಸ್ ಗನ್ ಪಾಪೆ ಎಂದು ಪ್ರಸಿದ್ಧ. ದೃಷ್ಟಿನರದ ಉರಿಯೂತ, ಒಂದೇ ಕಣ್ಣಿನಲ್ಲಿ ಬಲಿತ ಗ್ಲಾಕೋಮ, ಅಕ್ಷಿಪಟಲ ಕಳಚಿಕೊಳ್ಳುವಿಕೆ ಮೊದಲಾದವುಗಳಲ್ಲಿ ಇದು ಕಾಣಿಸುತ್ತದೆ.

ಪೊರೆ, ಅಂದರೆ ಕ್ಯಾಟರ್ಯಾಕ್ಟ್, ಎಷ್ಟೇ ದಟ್ಟವಾಗಿದ್ದರೂ ಸಾಮಾನ್ಯವಾಗಿ ಈ ಲಕ್ಷಣ ಉಂಟಾಗುವುದಿಲ್ಲ. ಪೊರೆ ಬೆಳಕನ್ನು ಚದುರಿಸುತ್ತದೆಯೇ ಹೊರತು ಅಕ್ಷಿಪಟಲಕ್ಕೆ ತಲುಪದಂತೆ ಪೂರ್ತಿ ತಡೆಯುವುದಿಲ್ಲ. ಆದ್ದರಿಂದ ಪೊರೆಯ ಶಸ್ತ್ರಕ್ರಿಯೆಗೆ ಮೊದಲು ಪಾಪೆ ನೋಡುವುದು ಮುಖ್ಯ. ಪೊರೆ ಬಂದ ಕಣ್ಣಿನಲ್ಲಿ ಈ ದೋಷ ಕಂಡರೆ ಪೊರೆಯ ಹಿಂದೆ ಇನ್ನೊಂದು ರೋಗ ಅಡಗಿದೆ ಎಂದರ್ಥ. ಪೊರೆ ತೆಗೆದರೂ ನಿರೀಕ್ಷಿಸಿದಷ್ಟು ದೃಷ್ಟಿ ಬರಲಾರದು ಎಂಬುದನ್ನು ರೋಗಿಗೆ ಮೊದಲೇ ತಿಳಿಸಬಹುದು.

ತಲೆಗೆ ಪೆಟ್ಟು ಬಿದ್ದಾಗ

ಪಾಪೆಯ ನರತಂತುಗಳು ಮೂರನೆಯ ಕಪಾಲ ನರದ ಹೊರಮೈಯಲ್ಲಿ ಸಾಗುತ್ತವೆ. ಹೊರಗಿನಿಂದ ಒತ್ತಡ ಬಿದ್ದರೆ ಮೊದಲು ಪೆಟ್ಟು ತಿನ್ನುವವು ಅವೇ. ಅಪಘಾತದಲ್ಲಿ ತಲೆಬುರುಡೆಯೊಳಗೆ ರಕ್ತ ಶೇಖರವಾಗಿ ಮಿದುಳು ಒಂದು ಬದಿಯಿಂದ ಕೆಳಕ್ಕೆ ಜರುಗಿದಾಗ ಈ ನರ ನಲುಗುತ್ತದೆ. ಸಾಮಾನ್ಯವಾಗಿ ಪೆಟ್ಟು ಬಿದ್ದ ಬದಿಯ ಪಾಪೆ ಹಿಗ್ಗಿ, ಬೆಳಕಿಗೆ ಜಗ್ಗದೆ ನಿಲ್ಲುತ್ತದೆ. ಬಳಿಕ ಇನ್ನೊಂದು ಪಾಪೆಯೂ ಹಿಗ್ಗಬಹುದು. ರೋಗಿಯನ್ನು ಶಸ್ತ್ರಕ್ರಿಯೆಗೆ ಒಯ್ಯಲು ಉಳಿದಿರುವ ಸಮಯ ಈ ಎರಡರ ನಡುವಿನದು. ಪೆಟ್ಟು ಬಿದ್ದ ಮೇಲೆ ಕೆಲಹೊತ್ತು ಸರಿಯಾಗಿಯೇ ಮಾತನಾಡಿ, ನಂತರ ಮಂಪರಿಗೆ ಜಾರುವವರೂ ಉಂಟು. ಅದರಿಂದಲೇ ತಲೆಗೆ ಗಾಯವಾದವರ ಪಾಪೆಯನ್ನು ಆಸ್ಪತ್ರೆಯಲ್ಲಿ ಮತ್ತೆ ಮತ್ತೆ ನೋಡಿ ಬರೆದಿಡುತ್ತಾರೆ.

ಪ್ರಜ್ಞೆಯ ಮಟ್ಟ ಅಳೆಯಲು 1974ರಿಂದ ಬಳಕೆಯಲ್ಲಿರುವ ಗ್ಲಾಸ್ಗೋ ಕೋಮಾ ಮಾಪನಕ್ಕೆ 2018ರಲ್ಲಿ ಪಾಪೆಯ ಅಂಕವನ್ನೂ ಜೋಡಿಸುವ ಕ್ರಮ ಬಂತು. ಒಂದು ಪಾಪೆ ಸ್ಪಂದಿಸದಿದ್ದರೆ ಒಂದು ಅಂಕ, ಎರಡೂ ಸ್ಪಂದಿಸದಿದ್ದರೆ ಎರಡು ಅಂಕ ಕಳೆಯಲಾಗುತ್ತದೆ. ಪಾಪೆಯ ವ್ಯಾಸವನ್ನೂ ಅದು ಕುಗ್ಗುವ ವೇಗವನ್ನೂ ಅಳೆಯುವ ಕೈಯಳತೆಯ ಯಂತ್ರಗಳೂ ತೀವ್ರನಿಗಾ ಘಟಕಗಳಿಗೆ ಬಂದಿವೆ.

ಮಧುಮೇಹಿಗಳಲ್ಲಿ ಇದೇ ನರ ಬೇರೆ ರೀತಿಯಲ್ಲಿ ಕೆಡುತ್ತದೆ. ಸೂಕ್ಷ್ಮ ರಕ್ತನಾಳಗಳು ಕಟ್ಟಿಕೊಂಡು ನರದ ಒಳಭಾಗ ಹಾಳಾದಾಗ ರೆಪ್ಪೆ ಜೋತುಬೀಳುತ್ತದೆ, ಕಣ್ಣು ಹೊರಕ್ಕೆ ತಿರುಗುತ್ತದೆ. ಆದರೆ ಹೊರಮೈಯ ತಂತುಗಳು ಉಳಿಯುವುದರಿಂದ ಪಾಪೆ ಬಹುಮಟ್ಟಿಗೆ ಸರಿಯಾಗಿರುತ್ತದೆ. ರೆಪ್ಪೆ ಜೋತುಬಿದ್ದು ಪಾಪೆಯೂ ಹಿಗ್ಗಿದ್ದರೆ, ಮಿದುಳಿನ ಅಪಧಮನಿಯ ಗೋಡೆ ಉಬ್ಬಿ ನರವನ್ನು ಒತ್ತುತ್ತಿರುವ ಶಂಕೆ ಮೂಡುತ್ತದೆ. ಆ ಉಬ್ಬು ಒಡೆದರೆ ಪ್ರಾಣಾಪಾಯ. ಒಂದು ಪಾಪೆಯ ಅಳತೆ ಇಲ್ಲಿ ಚಿಕಿತ್ಸೆಯ ದಿಕ್ಕನ್ನೇ ಬದಲಿಸುತ್ತದೆ.

ವಿಷ ಮತ್ತು ಔಷಧ

ನರಪಥ ಸರಿಯಿದ್ದರೂ ರಾಸಾಯನಿಕಗಳು ಪಾಪೆಯನ್ನು ಬದಲಿಸಬಲ್ಲವು. ಹೊಲಗಳಲ್ಲಿ ಸಿಂಪಡಿಸುವ ಆರ್ಗನೊಫಾಸ್ಫೇಟ್ ಕೀಟನಾಶಕ ದೇಹ ಸೇರಿದರೆ ಅಸಿಟೈಲ್‌ಕೋಲಿನ್ ಕರಗದೆ ಉಳಿದು ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಅಫೀಮು ವರ್ಗದ ಮಾದಕಗಳಿಂದಲೂ ಮಿದುಳಕಾಂಡದ ಪಾನ್ಸ್ ಎಂಬ ಭಾಗದ ರಕ್ತಸ್ರಾವದಿಂದಲೂ ಹೀಗಾಗುತ್ತದೆ. ದತ್ತೂರಿಯ ಬೀಜದಲ್ಲಿರುವ ಅಟ್ರೊಪಿನ್ ಇದಕ್ಕೆ ತದ್ವಿರುದ್ಧ. ಅದು ಪಾಪೆಯನ್ನು ಹಿಗ್ಗಿಸುತ್ತದೆ. ಅದೇ ಅಟ್ರೊಪಿನ್ ಕೀಟನಾಶಕದ ವಿಷಕ್ಕೆ ಮುಖ್ಯ ಔಷಧ. ಕಳ್ಳಬಟ್ಟಿಯಲ್ಲಿ ಬೆರೆಯುವ ಮಿಥೈಲ್ ಆಲ್ಕೊಹಾಲ್ ದೃಷ್ಟಿನರವನ್ನೇ ಸುಡುವುದರಿಂದ ಪಾಪೆಗಳು ಹಿಗ್ಗಿ ಬೆಳಕಿಗೆ ಮಂದವಾಗುತ್ತವೆ.

ಕಣ್ಣಿನ ತಪಾಸಣೆಗೆ ಮೊದಲು ಹಾಕುವ ಹನಿಗಳೂ ಬಳೆಸ್ನಾಯುವನ್ನು ಕೆಲವು ಗಂಟೆ ಸಡಿಲಗೊಳಿಸುತ್ತವೆ. ಆ ಹೊತ್ತಿನಲ್ಲಿ ಬಿಸಿಲು ಕಣ್ಣು ಕುಕ್ಕುತ್ತದೆ, ಹತ್ತಿರದ ಅಕ್ಷರ ಮಸುಕಾಗುತ್ತದೆ. ವಾಹನ ಚಲಾಯಿಸುವುದು ಸಲ್ಲದು.

ಬದುಕು-ಸಾವಿನ ಗಡಿಯಲ್ಲಿ

ಈ ಪುಟ್ಟ ಪ್ರತಿವರ್ತನೆಗೆ ಕಾನೂನಿನಲ್ಲಿಯೂ ಸ್ಥಾನವಿದೆ. 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಭಾರತದಲ್ಲಿ ಮಿದುಳಕಾಂಡದ ಸಾವನ್ನು ಮಾನ್ಯ ಮಾಡಿತು. ಅಂಗಾಂಗ ದಾನಕ್ಕೆ ಮುನ್ನ ನಾಲ್ವರು ವೈದ್ಯರ ಮಂಡಳಿ ಇದನ್ನು ದೃಢೀಕರಿಸಬೇಕು. ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷೆ ನಡೆಯಬೇಕು. ಪಾಪೆಗಳು ಬೆಳಕಿಗೆ ಸ್ಪಂದಿಸದಿರುವುದು, ಕಾರ್ನಿಯಾ ಮುಟ್ಟಿದರೂ ರೆಪ್ಪೆ ಮಿಟುಕದಿರುವುದು, ಕೆಮ್ಮು ಬಾರದಿರುವುದು, ಯಂತ್ರದ ನೆರವಿಲ್ಲದೆ ಉಸಿರಾಟ ನಡೆಯದಿರುವುದು ಮೊದಲಾದವು ಈ ಪರೀಕ್ಷೆಯ ಅಂಗ. 2021ರ ಜೂನ್‌ನಲ್ಲಿ ಬೆಂಗಳೂರಿನ ರಸ್ತೆ ಅಪಘಾತದಲ್ಲಿ ಗಾಯಗೊಂಡ ನಟ ಸಂಚಾರಿ ವಿಜಯ್ ಅವರ ಮಿದುಳು ನಿಷ್ಕ್ರಿಯಗೊಂಡ ಬಳಿಕ ಕುಟುಂಬದವರು ಅಂಗಾಂಗ ದಾನ ಮಾಡಿದಾಗ ನಾಡಿನ ಮನೆಮನೆಗಳಲ್ಲಿ ಈ ವಿಷಯ ಚರ್ಚೆಯಾಗಿತ್ತು.

ಆದರೆ ಜಗ್ಗದ ಪಾಪೆಯೊಂದೇ ಸಾವಿನ ಪುರಾವೆಯಲ್ಲ. ಕಟ್ಟುಹಾವು ಕಚ್ಚಿದವರು ಇದಕ್ಕೆ ಉತ್ತಮ ನಿದರ್ಶನ. ಆ ಹಾವಿನ ವಿಷ ನರದ ತುದಿಗಳನ್ನೇ ಕೆಡಿಸುವುದರಿಂದ ರೋಗಿಯ ಕೈಕಾಲು ಆಡುವುದಿಲ್ಲ, ಉಸಿರು ನಿಲ್ಲುತ್ತದೆ, ಪಾಪೆಗಳು ಹಿಗ್ಗಿ ಸ್ಥಿರವಾಗಿ ನಿಲ್ಲಬಹುದು. ಮೇಲ್ನೋಟಕ್ಕೆ ಮಿದುಳು ಸತ್ತಂತೆಯೇ ಕಾಣುತ್ತದೆ. ಒಳಗೆ ಮಿದುಳು ಜೀವಂತವಾಗಿದ್ದು, ರೋಗಿಗೆ ಸುತ್ತಲಿನ ಮಾತು ಕೇಳಿಸುತ್ತಿರಲೂಬಹುದು. ಕೃತಕ ಉಸಿರಾಟ ಮುಂದುವರಿಸಿದ್ದರಿಂದ ಇಂಥ ರೋಗಿಗಳು ಪೂರ್ಣ ಗುಣಮುಖರಾದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ವಿಷ, ಮತ್ತು ಬರಿಸುವ ಔಷಧ, ದೇಹದ ಅತಿಶೀತ ಇವು ಯಾವುದೂ ಕಾರಣವಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಮಿದುಳಕಾಂಡದ ಪರೀಕ್ಷೆಗೆ ತೊಡಗಬೇಕೆಂಬ ನಿಯಮ ಇರುವುದು ಇದಕ್ಕಾಗಿಯೇ.

ಮನಸ್ಸಿನ ಏರಿಳಿತ

ಬೆಳಕು ಬದಲಾಗದಿದ್ದರೂ ಪಾಪೆ ಬದಲಾಗುತ್ತದೆ. ಭಯ, ನೋವು, ಆಸಕ್ತಿಗಳಿಂದ ಅದು ಹಿಗ್ಗುತ್ತದೆ. ನೆನಪಿನಲ್ಲಿಟ್ಟುಕೊಳ್ಳಬೇಕಾದ ಅಂಕಿಗಳು ಹೆಚ್ಚಿದಂತೆ ಪಾಪೆಯೂ ಹಿಗ್ಗುತ್ತದೆಂದು ಡೇನಿಯಲ್ ಕಾನೆಮನ್ ಮತ್ತು ಜಾಕ್ಸನ್ ಬೀಟಿ 1966ರಲ್ಲಿ ತೋರಿಸಿದರು. ಕಾನೆಮನ್ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮನಶ್ಶಾಸ್ತ್ರಜ್ಞ. ಆದರೆ ಪಾಪೆ ಹಿಗ್ಗಿದ್ದರಿಂದ ಮನಸ್ಸು ಚುರುಕಾಗಿದೆ ಎಂದು ತಿಳಿಯಬಹುದೇ ಹೊರತು ಅದರಲ್ಲಿ ಏನಿದೆ ಎಂದು ತಿಳಿಯಲಾಗದು.

ಗಮನಿಸಬೇಕಾದ ಅಂಶಗಳು

ಸುಮಾರು ಐದು ಜನರಲ್ಲಿ ಒಬ್ಬರಿಗೆ ಎರಡು ಪಾಪೆಗಳ ಗಾತ್ರದಲ್ಲಿ ಅತ್ಯಲ್ಪ ವ್ಯತ್ಯಾಸ ಸಹಜವಾಗಿಯೇ ಇರುತ್ತದೆ. ಹಳೆಯ ಛಾಯಾಚಿತ್ರಗಳಲ್ಲಿಯೂ ಆ ವ್ಯತ್ಯಾಸ ಕಂಡರೆ ಸಾಮಾನ್ಯವಾಗಿ ಆತಂಕಕ್ಕೆ ಕಾರಣವಿಲ್ಲ.

ವ್ಯತ್ಯಾಸ ಹೊಸದಾಗಿ ಕಾಣಿಸಿಕೊಂಡು ಅದರೊಡನೆ ತೀವ್ರ ತಲೆನೋವು, ರೆಪ್ಪೆ ಜೋಲುವಿಕೆ, ಎರಡೆರಡು ಕಾಣುವಿಕೆ, ಕತ್ತುನೋವು ಅಥವಾ ಮಂಪರು ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ತಲೆಗೆ ಪೆಟ್ಟು ಬಿದ್ದ ನಂತರ ಒಂದು ಪಾಪೆ ದೊಡ್ಡದಾದರೆ ಅದು ತುರ್ತು ಸ್ಥಿತಿ. ಮಗುವಿನ ಪಾಪೆ ಕಪ್ಪಾಗಿರದೆ ಬೆಳ್ಳಗೆ ಹೊಳೆದರೆ ಕಣ್ಣಿನ ಕ್ಯಾನ್ಸರ್‌ನ ಸಾಧ್ಯತೆಯೂ ಇರುವುದರಿಂದ ಕೂಡಲೇ ನೇತ್ರತಜ್ಞರಿಗೆ ತೋರಿಸುವುದು ಅಗತ್ಯ.